ಬ್ರೌಸರ್ ಕೈಕೊಟ್ಟಾಗ ಮೊದಲು ಏನು ನೋಡಬೇಕು? ಹೊಸದಾಗಿ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಬ್ರೌಸರ್ ಕಲಿಯುತ್ತಿರುವವರಿಂದ ಕೇಳುವ ದೂರುಗಳು ಹೆಚ್ಚುಕಮ್ಮಿ ಮೂರೇ. ನೆಟ್ ಹೋಯ್ತು, ಸರ್ವರ್ ಡೌನ್ ಆಯ್ತು, ಕಂಪ್ಯೂಟರ್ ಕೆಟ್ಟುಹೋಯ್ತು. ಹತ್ತಿರ ಹೋಗಿ ನೋಡಿದರೆ ಕಾರಣ ಬೇರೆಯೇ ಇರುತ್ತದೆ. ವಿಳಾಸದಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿರುತ್ತದೆ. ಕೀಬೋರ್ಡ್ ಕನ್ನಡಕ್ಕೆ ತಿರುಗಿರುತ್ತದೆ. ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿ ಕೂತಿರುತ್ತದೆ. ಇವನ್ನು ಸರಿಮಾಡಲು ಕಾಸು ಬೇಕಿಲ್ಲ, ರಿಪೇರಿಯವರೂ ಬೇಕಿಲ್ಲ.

ಏನಾಗಿದೆ ಅನ್ನುವುದನ್ನು ಬ್ರೌಸರ್ ತಾನೇ ಪರದೆಯ ಮೇಲೆ ಬರೆದಿರುತ್ತದೆ. ಇಂಗ್ಲಿಷಿನಲ್ಲಿದೆ, ಅಕ್ಷರವೂ ಸಣ್ಣದು ಅಂತ ಜನ ಓದದೆ ಮುಚ್ಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ದೋಷ ನೆಟ್‌ನದೋ, ಸೈಟ್‌ನದೋ, ನಿಮ್ಮ ಬ್ರೌಸರ್‌ನದೋ ಅನ್ನುವುದು ಹೆಚ್ಚಿನ ಸಲ ಆ ಒಂದೇ ಸಾಲಿನಿಂದ ಗೊತ್ತಾಗುತ್ತದೆ.

ಇಲ್ಲಿ ಹೇಳುವುದು ವಿಂಡೋಸ್ ಕಂಪ್ಯೂಟರಿನ ಕ್ರೋಮ್ ಬ್ರೌಸರ್ ಲೆಕ್ಕದಲ್ಲಿ. ಎಡ್ಜ್, ಫೈರ್‌ಫಾಕ್ಸ್ ಬಳಸುವವರಿಗೂ ಬಹುತೇಕ ಇದೇ ಹೊಂದುತ್ತದೆ, ಮೆನುವಿನಲ್ಲಿ ಹೆಸರು ಸ್ವಲ್ಪ ಆಚೀಚೆ ಇರಬಹುದು.

ಶುರುಮಾಡುವ ಮುಂಚೆ: ಮೂರು ಜಾಗ

ಬ್ರೌಸರಿನ ಮೇಲ್ಭಾಗದಲ್ಲಿ ಮೂರು ಜಾಗ ಗುರುತು ಹಿಡಿದರೆ ಉಳಿದದ್ದೆಲ್ಲ ಸುಲಭ. ತೀರಾ ಮೇಲಿನ ಸಾಲಿನಲ್ಲಿ ಟ್ಯಾಬ್‌ಗಳು. ಒಂದೊಂದು ಟ್ಯಾಬ್‌ನಲ್ಲಿ ಒಂದೊಂದು ಪುಟ. ಅದರ ಕೆಳಗೆ ಉದ್ದನೆಯ ಅಡ್ರೆಸ್ ಬಾರ್. ನೀವು ಈಗ ಯಾವ ಸೈಟ್‌ನಲ್ಲಿದ್ದೀರಿ ಅಂತ ಹೇಳುವುದು ಅದೊಂದೇ. ಪುಟದೊಳಗೆ ದೊಡ್ಡದಾಗಿ ಯಾರ ಹೆಸರು, ಯಾರ ಲಾಂಛನ ಬೇಕಾದರೂ ಹಾಕಬಹುದು, ಅಡ್ರೆಸ್ ಬಾರ್‌ನಲ್ಲಿ ಹಾಗೆ ಆಗುವುದಿಲ್ಲ. ಮೂರನೆಯದು ಬಲತುದಿಯ ಮೂರು ಚುಕ್ಕಿ. ಸೆಟ್ಟಿಂಗ್ಸ್, ಡೌನ್‌ಲೋಡ್ಸ್, ಹಿಸ್ಟರಿ ಎಲ್ಲ ಅದರೊಳಗೆ. ಫೈರ್‌ಫಾಕ್ಸ್‌ನಲ್ಲಿ ಚುಕ್ಕಿಯ ಬದಲು ಮೂರು ಅಡ್ಡಗೆರೆ.

"ಏನೂ ತೆರೆಯುತ್ತಿಲ್ಲ, ಡೈನೋಸಾರ್ ಬರುತ್ತಿದೆ"

ಕ್ರೋಮ್‌ನಲ್ಲಿ ಪುಟ್ಟ ಡೈನೋಸಾರ್ ಚಿತ್ರದ ಜೊತೆ 'ನೋ ಇಂಟರ್ನೆಟ್' ಅಂತ ಬಂದರೆ ಬ್ರೌಸರ್ ಸರಿಯಾಗಿಯೇ ಇದೆ, ನೆಟ್ ಸಂಪರ್ಕ ಇಲ್ಲ ಅಂತ ಅರ್ಥ. ಬ್ರೌಸರ್ ತೆಗೆದು ಮತ್ತೆ ಹಾಕುವ ಕೆಲಸಕ್ಕೆ ಹೋಗಬೇಡಿ.

ಮೊದಲು ಇನ್ನೊಂದು ಸೈಟ್ ತೆರೆದು ನೋಡಿ. ಅದೂ ಬರದಿದ್ದರೆ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕದ ವೈಫೈ ಗುರುತು ನೋಡಿ. ವಿಮಾನದ ಚಿತ್ರ ಇದ್ದರೆ ಏರೋಪ್ಲೇನ್ ಮೋಡ್ ಆನ್ ಆಗಿದೆ. ಲ್ಯಾಪ್‌ಟಾಪ್‌ನಲ್ಲಿ ಕೈ ತಾಗಿಯೇ ಇದು ಆನ್ ಆಗಿಬಿಡುತ್ತದೆ, ಗುರುತಿನ ಮೇಲೆ ಒತ್ತಿ ಆಫ್ ಮಾಡಿ. ವೈಫೈ ಸೇರಿಕೊಂಡಿದೆ ಆದರೂ 'ನೋ ಇಂಟರ್ನೆಟ್' ಅನ್ನುತ್ತಿದೆಯೇ? ಹಾಗಾದರೆ ಕಂಪ್ಯೂಟರಿನಿಂದ ರೂಟರ್‌ವರೆಗೆ, ಅಂದರೆ ವೈಫೈ ಹಂಚುವ ಪೆಟ್ಟಿಗೆಯವರೆಗೆ, ದಾರಿ ಸರಿ ಇದೆ, ರೂಟರ್‌ನಿಂದ ಆಚೆಗೆ ಕೆಟ್ಟಿದೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೆಟ್ ತೆಗೆದುಕೊಳ್ಳುತ್ತಿದ್ದರೆ ಆ ಮೊಬೈಲಿನ ಡೇಟಾ ಮುಗಿದಿದೆಯೇ ನೋಡಿ. ದಿನದ ಡೇಟಾ ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲದೆ ತೀರಾ ನಿಧಾನವಾಗುವ ಪ್ಲಾನ್‌ಗಳೂ ಇವೆ.

ಮನೆಗೆ ಫೈಬರ್ ನೆಟ್ ಇದ್ದರೆ ಗೋಡೆಯ ಮೇಲಿನ ಪೆಟ್ಟಿಗೆಯ ದೀಪಗಳನ್ನು ಗಮನಿಸಿ. 'ಎಲ್‌ಒಎಸ್' ಅನ್ನುವ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್ ಎಳೆಯಲ್ಲಿ ಬೆಳಕು ಬರುತ್ತಿಲ್ಲ. ಎಲ್ಲೋ ತಂತಿ ತುಂಡಾಗಿದೆ ಅಥವಾ ಬಳುಕಿದೆ. ಅದು ನಿಮ್ಮ ಕೈಯಲ್ಲಾಗುವ ಕೆಲಸವಲ್ಲ, ಕಂಪನಿಗೆ ದೂರು ಕೊಡಿ. ಕೆಂಪು ದೀಪ ಇಲ್ಲದಿದ್ದರೆ ಪೆಟ್ಟಿಗೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ದೀಪಗಳೆಲ್ಲ ಸ್ಥಿರವಾಗಲು ಎರಡು ಮೂರು ನಿಮಿಷ ಬೇಕು, ಅಷ್ಟರೊಳಗೆ ಮತ್ತೆ ಆರಿಸಬೇಡಿ.

ಎಚ್ಚರಿಕೆ ಎರಡು. ಫೈಬರ್ ತಂತಿಯ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಅದರೊಳಗೆ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಇನ್ನು ಗುಡುಗು ಸಿಡಿಲಿನ ಹೊತ್ತಿನಲ್ಲಿ ರೂಟರ್, ಕಂಪ್ಯೂಟರ್ ಎರಡರ ಪ್ಲಗ್ಗನ್ನೂ ಸಿಡಿಲು ಹತ್ತಿರ ಬರುವ ಮುಂಚೆಯೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

"ಬೇರೆಲ್ಲ ಬರುತ್ತೆ, ಇದೊಂದು ಸೈಟ್ ಮಾತ್ರ ಬರಲ್ಲ"

ಇಲ್ಲಿ ಮೊದಲ ಅನುಮಾನ ವಿಳಾಸದ ಮೇಲೆ. ಅಡ್ರೆಸ್ ಬಾರ್‌ನಲ್ಲಿರುವುದನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಚುಕ್ಕಿಯ ಜಾಗದಲ್ಲಿ ಕಾಮಾ ಬಿದ್ದಿದೆಯಾ, ನಡುವೆ ಖಾಲಿ ಜಾಗ ಬಿಟ್ಟಿದ್ದೀರಾ, ಡಾಟ್ ಇನ್ ಬದಲು ಡಾಟ್ ಕಾಮ್ ಆಗಿದೆಯಾ. ವಿಳಾಸದಲ್ಲಿ ಖಾಲಿ ಜಾಗ ಬಿಟ್ಟರೆ ಬ್ರೌಸರ್ ಅದನ್ನು ವಿಳಾಸ ಅಂತ ತಿಳಿಯುವುದೇ ಇಲ್ಲ, ಹುಡುಕುವ ಪದ ಅಂತ ತಿಳಿದು ಗೂಗಲ್‌ಗೆ ಕಳಿಸುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಪತ್ರ ಬರೆದು ಎದ್ದು ಬಂದು ವಿಳಾಸ ಒತ್ತಿದರೆ ಬಾರ್‌ನಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳು ಬೀಳುತ್ತವೆ. ಪಾಸ್‌ವರ್ಡ್ ಜಾಗದಲ್ಲಂತೂ ಚುಕ್ಕಿಗಳಷ್ಟೇ ಕಾಣುವುದರಿಂದ ಇದು ಗೊತ್ತೇ ಆಗುವುದಿಲ್ಲ. ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿ ತಂತ್ರಾಂಶ ಬಳಸುವವರು ಸ್ಕ್ರಾಲ್ ಲಾಕ್ ಕೀ ಒತ್ತಿ ನೋಡಿ.

ವಿಳಾಸ ಸರಿ ಇದೆ ಅಂದರೆ ಈಗ ಪರದೆಯ ಸಾಲು ಓದಿ. 'ಡಿಎನ್‌ಎಸ್ ಪ್ರೋಬ್' ಅಂತ ಶುರುವಾಗಿ 'ಎನ್‌ಎಕ್ಸ್ ಡೊಮೈನ್' ಅಂತ ಮುಗಿದರೆ ಆ ಹೆಸರಿನ ಸೈಟ್ ಸಿಗಲಿಲ್ಲ ಅಂತ. ಹೆಚ್ಚಿನ ಸಲ ಕಾಗುಣಿತದ ತಪ್ಪೇ. '404' ಬಂದರೆ ಸೈಟ್ ಇದೆ, ನೀವು ಕೇಳಿದ ಪುಟ ಅಲ್ಲಿಲ್ಲ. ಪುಟವನ್ನು ಬೇರೆಡೆಗೆ ಸರಿಸಿರುತ್ತಾರೆ, ನಿಮ್ಮ ಹತ್ತಿರ ಇರುವುದು ಹಳೆಯ ಲಿಂಕ್. ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್ ಜೊತೆ ಬರುವ ಎರಡು ಓರೆಗೆರೆ (/) ಬಿಟ್ಟು, ಆಮೇಲೆ ಸಿಗುವ ಮೊದಲ ಓರೆಗೆರೆಯ ಆಚೆಗಿರುವುದನ್ನೆಲ್ಲ ಅಳಿಸಿ ಎಂಟರ್ ಒತ್ತಿ. ಸೈಟ್‌ನ ಮುಖಪುಟ ಬರುತ್ತದೆ, ಅಲ್ಲಿಂದ ಹುಡುಕಿ. '500', '502', '503', '504', ಹೀಗೆ ಐದರಿಂದ ಶುರುವಾಗುವ ಸಂಖ್ಯೆ ಬಂದರೆ ತೊಂದರೆ ಅವರ ಕಡೆಯದ್ದು. ಸರ್ವರ್ ಅಂದರೆ ಸೈಟ್ ಇಟ್ಟಿರುವ ಅವರ ಕಂಪ್ಯೂಟರ್, ಸರ್ವರ್ ಡೌನ್ ಅನ್ನುವ ಮಾತು ನಿಜವಾಗಿ ಸಲ್ಲುವುದು ಇಲ್ಲಿ. ನೀವು ಮಾಡುವುದೇನೂ ಇಲ್ಲ. ಅರ್ಜಿಗೆ ಕೊನೆಯ ದಿನ ಅಂದರೆ ಎಲ್ಲರೂ ಒಟ್ಟಿಗೆ ಬರುವುದರಿಂದ ಇದು ಜಾಸ್ತಿ. ರಾತ್ರಿ ಹತ್ತರ ಮೇಲೆ ಇಲ್ಲವೇ ಬೆಳಿಗ್ಗೆ ಬೇಗ ಪ್ರಯತ್ನಿಸಿ. ಸುಮ್ನೆ ರಿಫ್ರೆಶ್ ಒತ್ತುತ್ತಾ ಕೂತರೆ ಸರ್ವರ್ ಮೇಲಿನ ಹೊರೆ ಹೆಚ್ಚುತ್ತದೆಯೇ ಹೊರತು ಕೆಲಸ ಆಗುವುದಿಲ್ಲ.

ಯಾವ ಸಂಖ್ಯೆಯೂ ಇಲ್ಲ, ಪುಟ ಅರ್ಧ ಬಂದು ನಿಲ್ಲುತ್ತದೆ ಅಥವಾ ಹಳೆಯದನ್ನೇ ತೋರಿಸುತ್ತದೆ ಅಂದರೆ ಕಂಟ್ರೋಲ್ ಹಿಡಿದು ಎಫ್ 5 ಒತ್ತಿ. ಬ್ರೌಸರ್ ತಾನು ಕೂಡಿಟ್ಟುಕೊಂಡ ಹಳೆಯ ಪ್ರತಿಯನ್ನು ಬಿಟ್ಟು ಹೊಸದನ್ನೇ ತರುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಈ ಕಿಟಕಿಯಲ್ಲಿ ಹಳೆಯ ಕುಕೀಗಳು (ಸೈಟ್‌ಗಳು ನಿಮ್ಮ ಗುರುತಿಗೆ ಬ್ರೌಸರಿನಲ್ಲಿ ಇಡುವ ಸಣ್ಣ ಚೀಟಿಗಳು) ಇರುವುದಿಲ್ಲ, ಎಕ್ಸ್‌ಟೆನ್ಷನ್‌ಗಳೂ (ಬ್ರೌಸರಿಗೆ ಹೆಚ್ಚುವರಿಯಾಗಿ ಸೇರಿಸಿದ ಸಣ್ಣ ತಂತ್ರಾಂಶಗಳು) ಸಾಮಾನ್ಯವಾಗಿ ಓಡುವುದಿಲ್ಲ. ಇಲ್ಲಿ ಸೈಟ್ ಚೆನ್ನಾಗಿ ಬಂದರೆ ತೊಂದರೆ ನಿಮ್ಮ ಬ್ರೌಸರಿನಲ್ಲಿ ಕೂಡಿಕೊಂಡ ಕಸದಲ್ಲಿದೆ. ಇಲ್ಲಿಯೂ ಬರದಿದ್ದರೆ ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ನೋಡಿ. ಅಲ್ಲಿಯೂ ಇಲ್ಲ ಅಂದರೆ ಕಾಯುವುದೇ ದಾರಿ.

ಕಸ ತೆಗೆಯುವುದು ಹೀಗೆ: ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ. ಬರುವ ಪಟ್ಟಿಯಲ್ಲಿ ಕುಕೀಸ್ ಮತ್ತು ಕ್ಯಾಶ್ (ಬ್ರೌಸರ್ ಕೂಡಿಟ್ಟ ಪುಟಗಳ ಹಳೆಯ ಪ್ರತಿ) ಎರಡಕ್ಕೆ ಮಾತ್ರ ಟಿಕ್ ಇರಲಿ. ಪಾಸ್‌ವರ್ಡ್ ಸಾಲಿನ ಟಿಕ್ ತಪ್ಪದೆ ತೆಗೆಯಿರಿ. ಇಲ್ಲದಿದ್ದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹೋಗುತ್ತವೆ. ಕುಕೀಸ್ ಅಳಿಸಿದ ಮೇಲೆ ಎಲ್ಲ ಸೈಟ್‌ಗಳಿಗೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಪಾಸ್‌ವರ್ಡ್ ನೆನಪಿಲ್ಲದವರು ಅದನ್ನು ಮೊದಲು ವಿಚಾರ ಮಾಡಿಕೊಳ್ಳಿ.

"ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್ ಅನ್ನುತ್ತಿದೆ"

ಕೆಂಪು ತ್ರಿಕೋನದ ಈ ಪುಟ ಬಂದಾಗ ಮೊದಲು ನೋಡಬೇಕಾದದ್ದು ಕಂಪ್ಯೂಟರಿನ ತಾರೀಖು. ಪ್ರತಿ ಸುರಕ್ಷಿತ ಸೈಟ್‌ಗೂ ಒಂದು ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಶುರುವಿನ ದಿನ, ಮುಗಿಯುವ ದಿನ ಇರುತ್ತವೆ. ನಿಮ್ಮ ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವೂ ಅವಧಿ ಮೀರಿದಂತೆ ಇಲ್ಲವೇ ಇನ್ನೂ ಶುರುವಾಗದಂತೆ ಕಾಣುತ್ತದೆ. 'ಯುವರ್ ಕ್ಲಾಕ್ ಈಸ್ ಬಿಹೈಂಡ್' ಅಂತ ಬ್ರೌಸರ್ ನೇರವಾಗಿ ಹೇಳುವುದೂ ಉಂಟು. ತಾರೀಖು ಸರಿಮಾಡಿ, ಸಮಯ ತಾನಾಗಿ ಹೊಂದಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ.

ಪ್ರತಿ ಸಲ ಕಂಪ್ಯೂಟರ್ ಆನ್ ಮಾಡಿದಾಗಲೂ ತಾರೀಖು ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಸೆಲ್ ಮುಗಿದಿದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಅನ್ನುವ 3 ವೋಲ್ಟಿನ ಬಿಲ್ಲೆ ಸೆಲ್ ಇರುತ್ತದೆ. ಬೆಲೆ ಕಮ್ಮಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸುವ ಮುಂಚೆ ಪವರ್ ಕೇಬಲ್ ಪೂರ್ತಿ ಕಿತ್ತಿರಬೇಕು. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಚಿಕ್ಕ ಮಕ್ಕಳು ಇದನ್ನು ನುಂಗಿದರೆ ಅನ್ನನಾಳ ಸುಡುತ್ತದೆ, ಜೀವಕ್ಕೇ ಅಪಾಯ. ಲ್ಯಾಪ್‌ಟಾಪ್ ಆದರೆ ನೀವು ಬಿಚ್ಚಲು ಹೋಗಬೇಡಿ, ಅಂಗಡಿಗೆ ಕೊಡಿ.

ತಾರೀಖು ಸರಿ ಇದ್ದರೂ ಕೆಂಪು ಪುಟ ಬಂದರೆ ತಪ್ಪು ಸೈಟ್‌ನದ್ದು, ಇಲ್ಲವೇ ನಡುವೆ ಯಾರೋ ಇಣುಕುತ್ತಿದ್ದಾರೆ. 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗುವ ದಾರಿಯನ್ನು ಯಾರಾದರೂ ತೋರಿಸಿಕೊಟ್ಟಿರಬಹುದು. ಹಾಗೆ ಹೋದ ಪುಟದಲ್ಲಿ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಕಾರ್ಡ್ ವಿವರ ಏನನ್ನೂ ಕೊಡಬಾರದು. ಬ್ಯಾಂಕಿನ ಸೈಟ್‌ನಲ್ಲಿ ಇದು ಬಂದರೆ ಅಲ್ಲಿಗೇ ನಿಲ್ಲಿಸಿ.

"ಇದು ಅಸಲಿ ಸೈಟೋ ನಕಲಿಯೋ ಗೊತ್ತಾಗ್ತಿಲ್ಲ"

ಇದು ಕೆಟ್ಟು ನಿಂತ ಬ್ರೌಸರಿನ ದೋಷವಲ್ಲ, ಆದರೆ ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಬೀಗದ ಗುರುತು ಇದೆ, ಆದ್ದರಿಂದ ಸೈಟ್ ನಂಬಬಹುದು ಅಂತ ತುಂಬ ಜನ ತಿಳಿದಿದ್ದಾರೆ. ಬೀಗ ಹೇಳುವುದು ಇಷ್ಟೇ: ನಿಮಗೂ ಆ ಸೈಟ್‌ಗೂ ನಡುವೆ ಹೋಗುವ ಮಾತನ್ನು ಬೇರೆಯವರು ಓದಲಾರರು. ಆ ಕಡೆ ಇರುವವನು ಕಳ್ಳನೋ ಒಳ್ಳೆಯವನೋ ಅಂತ ಅದು ಹೇಳುವುದಿಲ್ಲ. ಕಳ್ಳನ ಸೈಟ್‌ಗೂ ಬೀಗ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು.

ಅಸಲಿ ನಕಲಿ ತಿಳಿಯಲು ವಿಳಾಸವನ್ನು ಹಿಂದಿನಿಂದ ಓದಬೇಕು. ಎಚ್‌ಟಿಟಿಪಿಎಸ್ ಆದ ಮೇಲೆ ಬರುವ ಎರಡು ಓರೆಗೆರೆ ಬಿಡಿ, ಅದರ ನಂತರ ಸಿಗುವ ಮೊದಲ ಓರೆಗೆರೆಯ ಹತ್ತಿರ ಬೆರಳಿಡಿ. ಅದರ ಎಡಕ್ಕೆ ತಾಗಿಕೊಂಡಿರುವ ತುದಿಯೇ ಸೈಟ್‌ನ ನಿಜವಾದ ಮನೆತನ. ಸೇವಾ ಸಿಂಧು ಸೈಟ್ ನೋಡಿ: 'ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ತುದಿಯಲ್ಲಿ 'ಗವ್ ಡಾಟ್ ಇನ್' (gov.in) ಇದೆ, ಸರ್ಕಾರದ್ದು. ಈಗ ಯಾರೋ 'ಸೇವಾಸಿಂಧು ಡಾಟ್ ಕರ್ನಾಟಕ' ಅಂತ ಶುರುಮಾಡಿ, ನಡುವೆ ಏನೇನೋ ಸೇರಿಸಿ, ಕೊನೆಗೆ 'ಡಾಟ್ ಕಾಮ್' ಅಂತ ಮುಗಿಸಿದ್ದಾರೆ ಅಂದುಕೊಳ್ಳಿ. ಶುರುವಿನಲ್ಲಿ ಎಷ್ಟೇ ಸರ್ಕಾರಿ ಹೆಸರಿದ್ದರೂ ಅದು ಸರ್ಕಾರದ್ದಲ್ಲ. ಸರ್ಕಾರಿ ಸೈಟ್‌ಗಳು ಸಾಮಾನ್ಯವಾಗಿ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಅಂತ ಮುಗಿಯುತ್ತವೆ. ಬ್ಯಾಂಕುಗಳು 'ಬ್ಯಾಂಕ್ ಡಾಟ್ ಇನ್' ಅನ್ನುವ ತುದಿಗೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿತ್ತು. ಹಳೆಯ ವಿಳಾಸ ನೆನಪಿಟ್ಟುಕೊಂಡವರು ಪಾಸ್‌ಬುಕ್ ಅಥವಾ ಶಾಖೆಯಲ್ಲಿ ಕೇಳಿ ಹೊಸದನ್ನು ಬರೆದುಕೊಳ್ಳಿ. ಒಮ್ಮೆ ಸರಿಯಾದ ಪುಟ ತೆರೆದ ಮೇಲೆ ಅಡ್ರೆಸ್ ಬಾರ್‌ನ ನಕ್ಷತ್ರ ಒತ್ತಿ ಬುಕ್‌ಮಾರ್ಕ್ ಮಾಡಿಬಿಡಿ. ಮುಂದಿನ ಸಲ ಹುಡುಕುವ ಗೋಜೇ ಇರುವುದಿಲ್ಲ.

ಹುಡುಕಿಯೇ ಹೋಗಬೇಕಾದರೆ ಮೇಲೆ ಸಿಗುವ ಮೊದಲ ಫಲಿತಾಂಶವನ್ನು ಕಣ್ಣುಮುಚ್ಚಿ ಒತ್ತಬೇಡಿ. 'ಸ್ಪಾನ್ಸರ್ಡ್' ಅಂತ ಇದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಗ್ರಾಹಕ ಸೇವೆಯ ಫೋನ್ ನಂಬರನ್ನಂತೂ ಹುಡುಕಿ ತೆಗೆಯಲೇಬೇಡಿ. ಮೋಸಗಾರರು ತಮ್ಮ ನಂಬರನ್ನು ಬ್ಯಾಂಕಿನ ಹೆಸರಲ್ಲಿ ಅಲ್ಲಲ್ಲಿ ತುಂಬಿಟ್ಟಿರುತ್ತಾರೆ. ಕಾರ್ಡಿನ ಹಿಂಭಾಗದಲ್ಲಿ, ಪಾಸ್‌ಬುಕ್‌ನಲ್ಲಿ, ಬಿಲ್ಲಿನ ಮೇಲೆ ಇರುವ ನಂಬರಿಗೇ ಮಾಡಿ.

"ಬಟನ್ ಒತ್ತಿದರೆ ಏನೂ ಆಗ್ತಿಲ್ಲ"

ಪ್ರಿಂಟ್ ಒತ್ತುತ್ತೀರಿ, ವ್ಯೂ ಒತ್ತುತ್ತೀರಿ, ಪರದೆ ಹಾಗೇ ಇರುತ್ತದೆ. ಅರ್ಜಿ, ಪ್ರಮಾಣಪತ್ರ, ರಸೀದಿಯ ಸೈಟ್‌ಗಳಲ್ಲಿ ಇದು ದಿನಾ ಕೇಳುವ ಮಾತು. ಆ ಸೈಟ್ ಹೊಸ ಕಿಟಕಿಯಲ್ಲಿ ಕಾಗದ ತೆರೆಯಲು ನೋಡಿರುತ್ತದೆ, ಬ್ರೌಸರ್ ಅದನ್ನು ಜಾಹೀರಾತು ಅಂತ ತಡೆದಿರುತ್ತದೆ. ಅಡ್ರೆಸ್ ಬಾರ್‌ನ ಬಲತುದಿ ನೋಡಿ. ಕಿಟಕಿಯ ಮೇಲೆ ಅಡ್ಡಗೀಟು ಹಾಕಿದ ಒಂದು ಸಣ್ಣ ಗುರುತು ಬಂದಿರುತ್ತದೆ. ಅದನ್ನು ಒತ್ತಿ, 'ಆಲ್‌ವೇಸ್ ಅಲೋ' ಆರಿಸಿ, ಆಮೇಲೆ ಬಟನ್ ಮತ್ತೊಮ್ಮೆ ಒತ್ತಿ. ವಿಳಾಸ ನೋಡಿ ಖಾತ್ರಿಯಾದ ಸೈಟ್‌ಗೆ ಮಾತ್ರ ಈ ಅನುಮತಿ. ಸಿನಿಮಾ ಪುಕ್ಕಟೆ ತೋರಿಸುತ್ತೇವೆ ಅನ್ನುವ ಸೈಟ್‌ಗಳಿಗೆ ಕೊಟ್ಟರೆ ಪರದೆ ತುಂಬ ಕಿಟಕಿಗಳು ಏಳುತ್ತವೆ.

ದುಡ್ಡು ಕಟ್ಟುವ ಬಟನ್ ಆಗಿದ್ದರೆ ಎರಡನೇ ಸಲ ಒತ್ತಲೇಬೇಡಿ. ಬ್ಯಾಕ್ ಕೂಡ ಬೇಡ, ರಿಫ್ರೆಶ್ ಕೂಡ ಬೇಡ. ಎರಡು ಮೂರು ನಿಮಿಷ ಬಿಡಿ. ಪುಟ ಸತ್ತೇಹೋಯಿತು ಅನ್ನಿಸಿದರೆ ಬ್ಯಾಂಕಿನ ಮೆಸೇಜ್ ಮತ್ತು ಖಾತೆಯ ಬಾಕಿ ನೋಡಿ. ಹಣ ಕಡಿತವಾಗಿದ್ದರೆ ಅರ್ಜಿಯ ಸಂಖ್ಯೆ, ವ್ಯವಹಾರದ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಂಡು ಸೈಟ್‌ನಲ್ಲಿ ಪಾವತಿ ಸ್ಥಿತಿ ತೋರಿಸುವ ಕಡೆ ನೋಡಿ. ಅದು ತಿಳಿಯದೆ ಇನ್ನೊಮ್ಮೆ ಕಟ್ಟಬೇಡಿ.

"ಡೌನ್‌ಲೋಡ್ ಆಯ್ತು, ಎಲ್ಲಿ ಹೋಯ್ತು?"

ಕಂಟ್ರೋಲ್ ಹಿಡಿದು ಜೆ ಒತ್ತಿ. ಇಳಿಸಿದ್ದೆಲ್ಲ ಪಟ್ಟಿಯಾಗಿ ಬರುತ್ತದೆ, ಪಕ್ಕದ ಫೋಲ್ಡರ್ ಗುರುತು ಒತ್ತಿದರೆ ಫೈಲ್ ಇರುವ ಜಾಗವೇ ತೆರೆಯುತ್ತದೆ. ಮೊಬೈಲಿನಲ್ಲಿ ಮೂರು ಚುಕ್ಕಿ, ಅದರೊಳಗೆ ಡೌನ್‌ಲೋಡ್ಸ್. ಸಿಗಲಿಲ್ಲ ಅಂತ ಮತ್ತೆ ಮತ್ತೆ ಇಳಿಸಿದರೆ ಒಂದೇ ಹೆಸರಿನ ಕೊನೆಗೆ ಒಂದು, ಎರಡು, ಮೂರು ಅಂತ ಸಂಖ್ಯೆ ಹತ್ತಿಕೊಂಡು ಫೈಲ್‌ಗಳು ತುಂಬುತ್ತವೆ.

ಫೈಲ್ ಸಿಕ್ಕಿದೆ, ಆದರೆ ಪಾಸ್‌ವರ್ಡ್ ಕೇಳುತ್ತಿದೆಯಾ? ಆಧಾರ್ ಪಿಡಿಎಫ್ ಆದರೆ ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಇರುವ ಹೆಸರಿನ ಮೊದಲ ನಾಲ್ಕು ಅಕ್ಷರ ದೊಡ್ಡಕ್ಷರದಲ್ಲಿ, ಅದಕ್ಕೆ ತಾಗಿಸಿ ಹುಟ್ಟಿದ ವರ್ಷ. ನಡುವೆ ಜಾಗ ಬಿಡಬಾರದು. ಸೈಬರ್ ಸೆಂಟರ್‌ನಲ್ಲಿ ಇಳಿಸಿದ್ದರೆ ಪ್ರಿಂಟ್ ತೆಗೆದ ಮೇಲೆ ಆ ಫೈಲನ್ನು ನೀವೇ ಅಳಿಸಿ, ಆಮೇಲೆ ರೀಸೈಕಲ್ ಬಿನ್ನಿನಿಂದಲೂ ತೆಗೆಯಿರಿ. ಅಳಿಸುತ್ತೇನೆ ಅಂತ ಅಲ್ಲಿಯವರಿಗೆ ಹೇಳಲು ಸಂಕೋಚ ಬೇಡ, ಅದು ನಿಮ್ಮ ಗುರುತಿನ ಕಾಗದ.

ಕೇಳದೆಯೇ ತಾನಾಗಿ ಇಳಿದ ಫೈಲ್, ಅದರಲ್ಲೂ ಹೆಸರು 'ಇಎಕ್ಸ್‌ಇ' (ಕಂಪ್ಯೂಟರಿನ ತಂತ್ರಾಂಶ) ಅಥವಾ 'ಎಪಿಕೆ' (ಮೊಬೈಲ್ ಆ್ಯಪ್) ಅಂತ ಮುಗಿದರೆ ತೆರೆಯದೆ ಅಳಿಸಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಸರ್ಕಾರಿ ಯೋಜನೆ ಅನ್ನುವ ಹೆಸರಲ್ಲಿ ಎಪಿಕೆ ಕಳಿಸಿ ಮೊಬೈಲ್ ಹಿಡಿತಕ್ಕೆ ತೆಗೆದುಕೊಳ್ಳುವುದು ಈಗ ಸಾಮಾನ್ಯವಾಗಿದೆ.

"ಅಕ್ಷರ ದೊಡ್ಡದಾಗಿಬಿಟ್ಟಿದೆ, ಮೇಲಿನದೆಲ್ಲ ಮಾಯ"

ಕಂಟ್ರೋಲ್ ಕೀ ಹಿಡಿದಿರುವಾಗ ಮೌಸ್ ಚಕ್ರ ತಿರುಗಿದರೆ ಅಕ್ಷರ ಹಿಗ್ಗುತ್ತದೆ, ಕುಗ್ಗುತ್ತದೆ. ಕಂಟ್ರೋಲ್ ಜೊತೆ ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಟ್ಯಾಬ್, ಅಡ್ರೆಸ್ ಬಾರ್ ಯಾವುದೂ ಕಾಣದಿದ್ದರೆ ಎಫ್ 11 ಒತ್ತಿ. ಕೈತಪ್ಪಿ ಮುಚ್ಚಿದ ಟ್ಯಾಬ್ ವಾಪಸ್ ಬೇಕಾದರೆ ಕಂಟ್ರೋಲ್, ಶಿಫ್ಟ್, ಟಿ. ಆದರೆ ಅರ್ಧ ತುಂಬಿದ ಅರ್ಜಿ ಅದರೊಂದಿಗೆ ವಾಪಸ್ ಬರುತ್ತದೆ ಅಂತ ನಂಬಿಕೊಳ್ಳಬೇಡಿ.

"ಕನ್ನಡ ಕಾಣ್ತಿಲ್ಲ, ಏನೇನೋ ಬರುತ್ತೆ"

ಇದರಲ್ಲಿ ಎರಡು ಬಗೆ ಇದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ಬಂದರೆ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಯೂನಿಕೋಡ್ ಫಾಂಟ್ ಇಲ್ಲ. ಫಾಂಟ್ ಅಂದರೆ ಅಕ್ಷರಗಳ ಚಿತ್ರ ಇರುವ ಫೈಲ್, ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಈಗಿನ ಪದ್ಧತಿ. ಈಗಿನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅನ್ನುವ ಫಾಂಟ್ ಇದ್ದೇ ಇರುತ್ತದೆ, ಹಳೆಯದರಲ್ಲಿ ತುಂಗಾ. ಅದು ಅಳಿದುಹೋಗಿದ್ದರೆ ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ. ಇಳಿಸಿ, ಫೈಲ್ ಮೇಲೆ ಎರಡು ಸಲ ಒತ್ತಿ, 'ಇನ್‌ಸ್ಟಾಲ್' ಕೊಟ್ಟು, ಬ್ರೌಸರ್ ಮುಚ್ಚಿ ತೆರೆಯಿರಿ.

ಚೌಕ ಇಲ್ಲ, ಇಂಗ್ಲಿಷ್ ಅಕ್ಷರಗಳೇ ಇವೆ, ಅವುಗಳ ತಲೆ ಮೇಲೆ ಗೀಟು, ಚುಕ್ಕಿ, ಟೋಪಿ ಇವೆ, ನಡುವೆ ಪೌಂಡ್ ಗುರುತೂ ಇದೆ ಅಂದರೆ ಅದು ಹಳೆಯ ಬಗೆಯ ಕನ್ನಡ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಚಿತ್ರ ಕೂರಿಸಿ ಬರೆಯುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಅಡಿಯಲ್ಲಿರುವ ಸಂಕೇತವೇ ಕಾಣುತ್ತದೆ. ಬ್ರೌಸರಿನಲ್ಲಿ ಯಾವ ಸೆಟ್ಟಿಂಗ್ ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಆ ಬರಹವನ್ನು ಕಾಪಿ ಮಾಡಿ, ಆಸ್ಕಿಯಿಂದ (ಈ ಹಳೆಯ ಬಗೆಗೆ ಹೇಳುವ ಹೆಸರು) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಬೇಕು. ಹಳೆಯ ಸುತ್ತೋಲೆ, ಹಳೆಯ ಲೇಖನಗಳು ಎಷ್ಟೋ ಈ ರೂಪದಲ್ಲೇ ಉಳಿದಿವೆ. ಹುಡುಕಿದರೆ ಗೂಗಲ್‌ಗೂ ಅವು ಕನ್ನಡವಾಗಿ ಸಿಗುವುದಿಲ್ಲ. ನಿಮ್ಮ ಕೈಗೆ ಬಂದದ್ದನ್ನು ಬದಲಿಸಿ ಇಟ್ಟರೆ ಮುಂದೆ ಹುಡುಕುವವರಿಗೆ ಉಪಕಾರವಾಗುತ್ತದೆ.

"ಲಾಗಿನ್ ಆಗ್ತಾನೇ ಇಲ್ಲ"

ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದೆಯಾ, ಕೀಬೋರ್ಡ್ ಇಂಗ್ಲಿಷಿನಲ್ಲಿದೆಯಾ, ಮೊದಲು ಇವೆರಡು. ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಒತ್ತಿದ್ದು ಕಾಣುತ್ತದೆ, ಹಿಂದೆ ಯಾರೂ ನಿಂತಿಲ್ಲ ಅಂತ ನೋಡಿಕೊಂಡು ಒತ್ತಿ. ಓರೆಕೋರೆ ಅಕ್ಷರದ ಕ್ಯಾಪ್ಚಾ ಅರ್ಥವಾಗದಿದ್ದರೆ ಊಹಿಸಿ ಬರೆಯಬೇಡಿ, ಪಕ್ಕದ ಸುತ್ತುಬಾಣ ಒತ್ತಿದರೆ ಹೊಸದು ಬರುತ್ತದೆ. ಪಾಸ್‌ವರ್ಡ್ ಸರಿ ಇದ್ದೂ ಲಾಗಿನ್ ಪುಟಕ್ಕೇ ವಾಪಸ್ ತಂದು ಬಿಡುತ್ತಿದ್ದರೆ ಕುಕೀಗಳ ತೊಂದರೆ, ಮೇಲೆ ಹೇಳಿದ ಇನ್‌ಕಾಗ್ನಿಟೊ ಪರೀಕ್ಷೆ ಮಾಡಿ.

ಎರಡು ಸಲ ತಪ್ಪಾದರೆ ನಿಲ್ಲಿಸಿ. ಮತ್ತೆ ಮತ್ತೆ ತಪ್ಪು ಹೊಡೆದರೆ ಬ್ಯಾಂಕ್ ಖಾತೆಯ ಲಾಗಿನ್ ಲಾಕ್ ಆಗುತ್ತದೆ. 'ಫರ್ಗಾಟ್ ಪಾಸ್‌ವರ್ಡ್' ದಾರಿ ಹಿಡಿಯಿರಿ. ಹೊರಗಿನ ಕಂಪ್ಯೂಟರಿನಲ್ಲಿ 'ಸೇವ್ ಪಾಸ್‌ವರ್ಡ್' ಕೇಳಿದರೆ 'ನೆವರ್' ಒತ್ತಿ. ಎದ್ದು ಹೋಗುವಾಗ ಲಾಗೌಟ್ ಮಾಡಿ, ಬರೀ ಕಿಟಕಿ ಮುಚ್ಚಿದರೆ ಸಾಲದು.

"ತುಂಬಾ ಸ್ಲೋ"

ಮೇಲೆ ಎಷ್ಟು ಟ್ಯಾಬ್ ಇವೆ ಎಣಿಸಿ. ಒಂದೊಂದು ಟ್ಯಾಬೂ ಮೆಮೊರಿ ತಿನ್ನುತ್ತದೆ. 4 ಜಿಬಿ ರ್‍ಯಾಮ್ ಇರುವ ಕಂಪ್ಯೂಟರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಅದು ತೆವಳುವುದೇ. ಬೇಡದ್ದು ಮುಚ್ಚಿ. ಯಾವುದು ಜಾಸ್ತಿ ತಿನ್ನುತ್ತಿದೆ ಅಂತ ನೋಡಲು ಕ್ರೋಮ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿ. ದಿನಗಟ್ಟಲೆ ಆರಿಸದ ಕಂಪ್ಯೂಟರ್ ಆದರೆ ಒಮ್ಮೆ ರೀಸ್ಟಾರ್ಟ್ ಮಾಡಿ.

ಬ್ರೌಸರ್ ತೀರಾ ಹಳೆಯದಾದರೂ ಸೈಟ್‌ಗಳು ಮುರಿದು ಕಾಣುತ್ತವೆ. ನೀಲಿ 'ಇ' ಗುರುತಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇನ್ನೂ ಬಳಸುವವರು ಬಿಟ್ಟುಬಿಡಿ. ಮೈಕ್ರೋಸಾಫ್ಟ್ ಅದನ್ನು 2022ರ ಜೂನ್ 15ಕ್ಕೆ ನಿಲ್ಲಿಸಿತು. ವಿಂಡೋಸ್ 7 ಮತ್ತು 8.1ಕ್ಕೆ 2023ರಿಂದ ಕ್ರೋಮ್‌ನ ಹೊಸ ಆವೃತ್ತಿ ಬರುತ್ತಿಲ್ಲ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರದಲ್ಲಿ ಸುದ್ದಿ ಓದಬಹುದು, ಹಾಡು ಕೇಳಬಹುದು. ಬ್ಯಾಂಕ್ ಕೆಲಸ ಮಾತ್ರ ಬೇಡ.

"ವೈರಸ್ ಬಂದಿದೆ ಅಂತ ಕೂಗ್ತಿದೆ, ನಂಬರ್ ತೋರಿಸ್ತಿದೆ"

ಪರದೆ ತುಂಬ ಕೆಂಪು. ಸೈರನ್ ಸದ್ದು. ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕೂಡಲೇ ಫೋನ್ ಮಾಡಿ ಅನ್ನುವ ಬರಹ. ಮುಚ್ಚಲು ಹೋದರೆ ಮುಚ್ಚುವುದಿಲ್ಲ.

ಹೆದರಬೇಡಿ. ಅದು ವೈರಸ್ ಅಲ್ಲ, ಒಂದು ವೆಬ್ ಪುಟ ಅಷ್ಟೇ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಎಂದೂ ಫೋನ್ ನಂಬರ್ ಕೊಡುವುದಿಲ್ಲ. ನಂಬರ್ ಕಂಡರೆ ಮೋಸ. ಮೊದಲು ಸ್ಪೀಕರ್ ಸದ್ದು ಆರಿಸಿ, ಆಮೇಲೆ ತಲೆ ಓಡುತ್ತದೆ. ಎಸ್ಕೇಪ್ ಕೀ ಕೆಲವು ಸೆಕೆಂಡ್ ಹಿಡಿದಿರಿ, ಫುಲ್ ಸ್ಕ್ರೀನ್ ಬಿಡುತ್ತದೆ. ಆಲ್ಟ್ ಜೊತೆ ಎಫ್ 4 ಒತ್ತಿ ಬ್ರೌಸರ್ ಮುಚ್ಚಿ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರ್ ಹೆಸರು ಆರಿಸಿ 'ಎಂಡ್ ಟಾಸ್ಕ್' ಕೊಡಿ. ಮತ್ತೆ ತೆರೆದಾಗ 'ರಿಸ್ಟೋರ್' ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ಬರುತ್ತದೆ.

ಬ್ರೌಸರ್ ಮುಚ್ಚಿದ್ದರೂ ಬಲಮೂಲೆಯಲ್ಲಿ ಇಂಥ ಎಚ್ಚರಿಕೆಗಳು ಏಳುತ್ತಿದ್ದರೆ ಎಂದೋ ಯಾವುದೋ ಸೈಟ್‌ಗೆ ನೋಟಿಫಿಕೇಷನ್ ಅನುಮತಿ ಕೊಟ್ಟಿದ್ದೀರಿ. ಸೆಟ್ಟಿಂಗ್ಸ್, ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಒಳಗೆ ಹೋಗಿ. ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ.

ಆ ನಂಬರಿಗೆ ಈಗಾಗಲೇ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ಪರದೆ ತೋರಿಸಿಬಿಟ್ಟಿದ್ದರೆ ಮೊದಲು ನೆಟ್ ಕಡಿಯಿರಿ, ರೂಟರ್ ಆರಿಸಿದರೂ ಆಯಿತು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಫೋನ್ ಮಾಡಿ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಅದೇ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಆಮೇಲೆ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್ ನಿಲ್ಲಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲ್ ಅಥವಾ ಕಂಪ್ಯೂಟರಿನಿಂದ ಬದಲಿಸಿ. ನಾಚಿಕೆಯಿಂದ ಮನೆಯವರಿಂದ ಮುಚ್ಚಿಟ್ಟು ಹೊತ್ತು ಕಳೆಯಬೇಡಿ.

"ಹುಡುಕಿದ್ದು ಒಂದು, ಹೋಗೋದು ಇನ್ನೊಂದು ಕಡೆ"

ಬ್ರೌಸರ್ ತೆರೆದ ಕೂಡಲೇ ಹಿಂದೆಂದೂ ಕಾಣದ ಮುಖಪುಟ, ಹುಡುಕಿದರೆ ಗುರುತಿಲ್ಲದ ಸರ್ಚ್ ಸೈಟ್, ಎಲ್ಲೆಲ್ಲೂ ಜಾಹೀರಾತು. ಪುಕ್ಕಟೆ ತಂತ್ರಾಂಶದ ಜೊತೆ ಅಂಟಿಕೊಂಡು ಬಂದ ಎಕ್ಸ್‌ಟೆನ್ಷನ್ ಇದನ್ನು ಮಾಡುತ್ತದೆ. ಮೂರು ಚುಕ್ಕಿಯೊಳಗೆ ಎಕ್ಸ್‌ಟೆನ್ಷನ್ಸ್ ತೆರೆದು, ನೀವು ಹಾಕದ್ದನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಯಾವುದನ್ನು ಆಫ್ ಮಾಡಿದಾಗ ಕಾಟ ನಿಂತಿತೋ ಅದನ್ನು 'ರಿಮೂವ್' ಮಾಡಿ. ತೆಗೆದರೂ ವಾಪಸ್ ಬಂದರೆ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ 'ರೀಸೆಟ್ ಸೆಟ್ಟಿಂಗ್ಸ್' ಬಳಸಿ. ಕ್ರೋಮ್‌ನಲ್ಲಿ ಇದರಿಂದ ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿಟ್ಟ ಪಾಸ್‌ವರ್ಡ್ ಹೋಗುವುದಿಲ್ಲ. ಎಕ್ಸ್‌ಟೆನ್ಷನ್‌ಗಳು ಆಫ್ ಆಗುತ್ತವೆ, ಕುಕೀಗಳು ಅಳಿಯುತ್ತವೆ.

ಅದಾದ ಮೇಲೂ ಹಾಗೇ ಇದ್ದರೆ ದೋಷ ಬ್ರೌಸರಿನಿಂದ ಆಚೆ, ವಿಂಡೋಸ್ ಒಳಗೇ ಇಳಿದಿದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಫುಲ್ ಸ್ಕ್ಯಾನ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆಯೂ ಸರಿಹೋಗದಿದ್ದರೆ ಇಲ್ಲಿಗೆ ನಿಲ್ಲಿಸಿ, ಗೊತ್ತಿರುವವರನ್ನು ಕರೆಯಿರಿ.

ಸಹಾಯ ಕೇಳುವಾಗ

"ಬರ್ತಿಲ್ಲ" ಅಂತಷ್ಟೇ ಹೇಳಿದರೆ ಎಂಥ ಜಾಣರಿಗೂ ಉತ್ತರ ಹೇಳಲಾಗದು. ಪರದೆಯ ಫೋಟೊ ಕಳಿಸಿ, ಅಡ್ರೆಸ್ ಬಾರ್ ಅದರಲ್ಲಿ ಕಾಣಲೇಬೇಕು. ಬೇರೆ ಸೈಟ್ ಬರುತ್ತಿದೆಯೇ, ಇನ್‌ಕಾಗ್ನಿಟೊದಲ್ಲಿ ಬರುತ್ತಿದೆಯೇ, ಮೊಬೈಲ್ ಡೇಟಾದಲ್ಲಿ ಬರುತ್ತಿದೆಯೇ, ತೊಂದರೆ ಯಾವಾಗಿನಿಂದ, ಅದಕ್ಕೆ ಮುಂಚೆ ಹೊಸದಾಗಿ ಏನು ಹಾಕಿದಿರಿ, ಇಷ್ಟು ಹೇಳಿ. ಫೋಟೊದಲ್ಲಿ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಬಂದಿದ್ದರೆ ಮೊದಲು ಅದರ ಮೇಲೆ ಬಣ್ಣ ಬಳಿದು ಮುಚ್ಚಿ. ಸಹಾಯಕ್ಕೆ ಬಂದವರು ಎಷ್ಟೇ ಪರಿಚಯದವರಾಗಿರಲಿ, ಪಾಸ್‌ವರ್ಡ್ ಒತ್ತುವ ಹೊತ್ತಿಗೆ ಕೀಬೋರ್ಡ್ ನಿಮ್ಮ ಕೈಗೆ ತೆಗೆದುಕೊಳ್ಳಿ. ಓಟಿಪಿ ಬಂದರೆ ನೀವೇ ಹಾಕಿ, ಜೋರಾಗಿ ಓದಬೇಡಿ.